ನಲವತ್ತೊಂದನೇ ತಲೆ

"ಮೂವತ್ತೇಳು, ಮೂವತ್ತೆಂಟು... ಏಯ್, ನಿನ್ನನ್ನ ಆಗಲೇ ಆ ಮೂಲೇಲಿ ಎಣಿಸಿದ್ದೆ ಅಲ್ವೇನೋ? ಇಲ್ಲಿಗೆ ಯಾವಾಗ ಬಂದೆ?"

"ಪೆನ್ಸಿಲ್ ಉರುಳ್ಕೊಂಡು ಬಂತು ಸಾರ್. ನಾನೂ ಬಂದೆ."

ಎಣಿಕೆ ಸಾಹೇಬರು ಹಣೆಯ ಬೆವರು ಒರೆಸಿಕೊಂಡು ಮತ್ತೆ ಒಂದರಿಂದ ಶುರು ಮಾಡಿದರು. ವರ್ಷಕ್ಕೊಮ್ಮೆ ಶಿಕ್ಷಣ ಇಲಾಖೆಯಿಂದ ಬಂದು ಪ್ರತಿ ಕ್ಲಾಸಿನ ಮಕ್ಕಳ ತಲೆ ಎಣಿಸುವುದು ಅವರ ಕೆಲಸ. ದೊಡ್ಡ ಕ್ಲಾಸಿನವರು ಬೊಂಬೆಗಳ ಹಾಗೆ ಕೂತು ಎಣಿಸಿಕೊಳ್ಳುತ್ತಾರೆ. ಒಂದನೇ ಕ್ಲಾಸೆಂದರೆ ಮಾತ್ರ ಕಪ್ಪೆಗಳನ್ನು ತಕ್ಕಡಿಗೆ ಹಾಕಿದಂತೆ. ಒಂದನ್ನು ಕೂರಿಸುವಷ್ಟರಲ್ಲಿ ಇನ್ನೊಂದು ನೆಗೆದಿರುತ್ತದೆ. ಅದರ ಮೇಲೆ ಇವತ್ತು ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಕೈ ಮುರಿದುಕೊಂಡವನು ಪಟ್ಟಿ ಸಮೇತ ಬಂದಿದ್ದ. ಮೂಗು ಸೋರುವವರು ಸೋರಿಸಿಕೊಂಡೇ ಬಂದಿದ್ದರು. ಹಿಂದಿನ ವಾರವೆಲ್ಲ ಹೊಸ ಟೀಚರ್ ಒಬ್ಬೊಬ್ಬರ ಮನೆಗೂ ಹೋಗಿ ಹೇಳಿ ಬಂದಿದ್ದಳಲ್ಲ!

"ನಲವತ್ತು," ಎಂದರು ಸಾಹೇಬರು ಕೊನೆಗೆ.

ಬಾಗಿಲ ಬಳಿ ನಿಂತಿದ್ದ ಹೊಸ ಟೀಚರ್‌ ಗೇಟಿನ ಕಡೆ ನೋಡಿದಳು. ಇಲಾಖೆಯ ಲೆಕ್ಕ ಎಲ್ಲರಿಗೂ ಗೊತ್ತು: ನಲವತ್ತರ ತನಕ ಒಂದೇ ಕೋಣೆ, ಒಬ್ಬರೇ ಟೀಚರ್. ನಲವತ್ತೊಂದಾದರೆ ಕ್ಲಾಸು ಎರಡಾಗುತ್ತದೆ, ಇನ್ನೊಂದು ಹುದ್ದೆ ಬರುತ್ತದೆ. ಬಂದರೆ ಆ ಹುದ್ದೆ ಅವಳದು. ಬಾರದಿದ್ದರೆ ತಿಂಗಳ ಕೊನೆಗೆ ಅವಳು ಗಂಟುಮೂಟೆ ಕಟ್ಟಬೇಕು. ಹೆಡ್ ಮೇಡಂಗೆ ಆಫೀಸಿನ ಕೆಲಸವೂ ಒಂದನೇ ಕ್ಲಾಸೂ ಎರಡೂ ಆಗುವುದಿಲ್ಲವೆಂದು ಎರಡು ವರ್ಷದ ಹಿಂದೆ ಅವಳನ್ನು ತಾತ್ಕಾಲಿಕವಾಗಿ ಕರೆದುಕೊಂಡಿದ್ದರು. ಎರಡು ವರ್ಷವಾದರೂ ಅವಳು ಹೊಸ ಟೀಚರ್ರೇ. ಹಳಬಳಾಗಬೇಕೆಂದು ಅವಳಿಗೆ ಎಷ್ಟು ಆಸೆಯಿತ್ತೆಂದರೆ, ಈ ಗದ್ದಲವಿಲ್ಲದ ಭಾನುವಾರಗಳು ಅವಳಿಗೆ ಮುಗಿಯುತ್ತಲೇ ಇರಲಿಲ್ಲ.

"ಹಾಜರಿಯಲ್ಲಿ ನಲವತ್ತೊಂದು ಹೆಸರಿದೆ ಸಾರ್," ಎಂದರು ಹೆಡ್ ಮೇಡಂ.

"ಹೆಸರು ಯಾರಿಗೆ ಬೇಕು ಮೇಡಂ? ಶಾಲೆಯೊಳಗೆ, ಟೀಚರ್ ಎದುರಿಗೆ ಕೂತಿರೋ ತಲೆ ಬೇಕು."

"ತಲೆ ಗೇಟ್ ಹತ್ರ ಇದೆ ಸಾರ್."

"ಒಳಗೋ, ಹೊರಗೋ?"

ಹೆಡ್ ಮೇಡಂ ನಿಟ್ಟುಸಿರು ಬಿಟ್ಟರು. "ಹೊರಗೆ."

ಆ ತಲೆ ಗುಂಡಮ್ಮನದು. ಐದೂವರೆ ವರ್ಷದ, ಕೆನ್ನೆ ತುಂಬಿದ ಹುಡುಗಿ. ದಿನಾ ಬೆಳಿಗ್ಗೆ ಅಜ್ಜಿಯ ಬೆರಳು ಹಿಡಿದು ಗೇಟಿನವರೆಗೆ ಬರುವಳು, ಅಲ್ಲೇ ಕಂಬಕ್ಕೆ ಅಂಟಿಕೊಂಡು ನಿಲ್ಲುವಳು, ಮಧ್ಯಾಹ್ನ ಅದೇ ಬೆರಳು ಹಿಡಿದು ಮನೆಗೆ ಹೋಗುವಳು. ಮುದ್ದು ಮಾಡಿದ್ದಾಯಿತು, ಗದರಿದ್ದಾಯಿತು. "ಟೀಚರ್ ಕಂಡ್ರೆ ಭಯಾನಾ?" ಎಂದು ಹೊಸ ಟೀಚರ್ ಒಂದು ದಿನ ಕುಕ್ಕರಗಾಲಲ್ಲಿ ಕೂತು ಕೇಳಿದ್ದಳು. ಗುಂಡಮ್ಮ ಇಲ್ಲವೆಂದು ತಲೆಯಾಡಿಸಿ, "ಒಳಗೆ ತುಂಬಾ ಜನ," ಎಂದಿದ್ದಳು. ಹಾಗಾದರೆ ಎಷ್ಟು ಜನ ಇದ್ದರೆ ಬರುತ್ತೀ ಎಂದರೆ ತನ್ನ ಎರಡೂ ಕೈ ಬಿಡಿಸಿ ತೋರಿಸಿದಳು. ಆಮೇಲೆ ಸ್ವಲ್ಪ ಯೋಚಿಸಿ, ಉದಾರವಾಗಿ, ಅಜ್ಜಿಯ ಒಂದು ಕೈಯನ್ನೂ ಎತ್ತಿ ಸೇರಿಸಿದಳು.

ಇದನ್ನು ಕೇಳಿ ಹೆಡ್ ಮೇಡಂ ತಲೆ ಚಚ್ಚಿಕೊಂಡಿದ್ದರು. "ಅವಳು ಬರದೆ ಕ್ಲಾಸು ಒಡೆಯೋಲ್ಲ, ಕ್ಲಾಸು ಒಡೆಯದೆ ಅವಳು ಬರೋಲ್ಲ. ಹುಚ್ಚು ಬಿಡೋವರೆಗೂ ಮದುವೆ ಆಗೋಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡೋಲ್ಲ!"

ಈಗ ಅದೇ ಹೆಡ್ ಮೇಡಂ ಒಮ್ಮೆಲೇ ಜೇನಿನಂಥ ದನಿಯಲ್ಲಿ, "ಬಿಸಿಲಲ್ಲಿ ಬಂದಿದ್ದೀರಿ, ಒಂದು ಲೋಟ ಟೀ ಕುಡೀರಿ ಸಾರ್. ಆಮೇಲೆ ಒಂದು ಸಲ ಎಣಿಸಿದ್ರಾಯ್ತು," ಎಂದು ಸಾಹೇಬರನ್ನು ಆಫೀಸಿನ ಕಡೆ ನಡೆಸಿದರು. ಹೋಗುವಾಗ ಹೊಸ ಟೀಚರ್ ಕಡೆ ಒಂದು ನೋಟ ಎಸೆದರು. ಟೀ ಎಷ್ಟು ಹೊತ್ತಿನ ಮಾತು!

ಹೊಸ ಟೀಚರ್ ಬಾಗಿಲ ಪಕ್ಕದಲ್ಲಿದ್ದ ಹದಿಮೂರು ಮಕ್ಕಳನ್ನು ಕರೆದುಕೊಂಡು ಜಗಲಿಗೆ ಬಂದಳು. ಜಾಣರು, ಮೌನಿಗಳು ಎಂದು ಆರಿಸುವಷ್ಟು ಹೊತ್ತಿರಲಿಲ್ಲ. ಪೆನ್ಸಿಲ್ ಉರುಳಿಸಿದವನೂ ಅದರಲ್ಲಿದ್ದ. ಗೇಟಿನ ಕಡೆ ತಿರುಗಿಯೂ ನೋಡದೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಒಂದು ಆನೆ ಇತ್ತು. ಅದಕ್ಕೆ ನೆಗಡಿ ಆಯ್ತು."

"ಅಯ್ಯೋ! ಅಷ್ಟುದ್ದ ಮೂಗು!" ಎಂದ ಪಟ್ಟಿ ಕಟ್ಟಿದವನು.

"ಅದೇ ಕಣೋ ಕಷ್ಟ. ಅದು ಸೀನ್ಬೇಕು, ಸೀನು ಬರ್ತಾ ಇಲ್ಲ. ಆ... ಆ..."

ಹದಿಮೂರು ಬಾಯಿಗಳು ತೆರೆದುಕೊಂಡವು. ಕಥೆ ಮುಂದೆ ಏನೆಂದು ಅವಳಿಗೇ ಗೊತ್ತಿರಲಿಲ್ಲ. ಆನೆಯನ್ನು ಡಾಕ್ಟರ ಹತ್ತಿರ ಕಳಿಸಿದಳು, ಬಸ್ಸು ಹತ್ತಿಸಿದಳು, ಸೀನು ಇನ್ನೇನು ಬಂತು ಅನ್ನುವಾಗ ವಾಪಸ್ಸು ಕಳಿಸಿದಳು. ಗೇಟು ಕಿರ್ ಎಂದಿತು. ತಿರುಗಲಿಲ್ಲ. ಪುಟ್ಟ ಚಪ್ಪಲಿಯ ಸದ್ದು ಅಂಗಳ ದಾಟಿತು, ಮೆಟ್ಟಿಲ ಬಳಿ ನಿಂತಿತು.

"ಸೀನ್ತಾ?" ಎಂದಿತು ಒಂದು ದನಿ, ತೀರಾ ಹತ್ತಿರದಿಂದ.

"ಕೂತ್ಕೊಂಡ್ರೆ ಸೀನುತ್ತೆ."

ಗುಂಡಮ್ಮ ಸುತ್ತ ನೋಡಿ, ಬೆರಳು ಮಡಿಸಿ ಮಡಿಸಿ ಲೆಕ್ಕ ಹಾಕಿ, ಸಾಲದಾಗ ಟೀಚರ್ ಕೈಯನ್ನೇ ಎಳೆದುಕೊಂಡು ಅದರ ಬೆರಳುಗಳನ್ನೂ ಮಡಿಸಿದಳು. ಟೀಚರನ್ನೂ ತನ್ನನ್ನೂ ಸೇರಿಸಿ ಸರಿಯಾಗಿ ಹದಿನೈದು. ಸಮಾಧಾನವಾಗಿ ಕೂತಳು. ಆನೆ ಜಗಲಿ ನಡುಗುವಂತೆ ಸೀನಿತು. ಮಕ್ಕಳೂ ಸೀನಿದರು.

ಅಷ್ಟರಲ್ಲಿ ಸಾಹೇಬರು ಆಫೀಸಿನ ಕಡೆಯ ಬಾಗಿಲಿಂದ ಹೋಗಿ ಒಳಗಿನವರನ್ನು ಇಪ್ಪತ್ತೇಳೆಂದು ಎಣಿಸಿ ಮುಗಿಸಿ, ಮಿಕ್ಕವರನ್ನು ಹುಡುಕಿಕೊಂಡು ಹೆಡ್ ಮೇಡಂ ಜೊತೆ ಅಂಗಳದ ಕಡೆಯಿಂದ ಬಂದರು. ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದರು.

"ನಿಲ್ಲಿ!" ಗುಂಡಮ್ಮ ಕೈ ಅಡ್ಡ ಹಿಡಿದಳು. "ಬೆರಳೆಲ್ಲ ಮುಗೀತು. ನಿಮಗಿಲ್ಲ."

ಹೊಸ ಟೀಚರ್, ಮುಗೀತು ನನ್ನ ಕಥೆ ಎಂದುಕೊಂಡಳು. ಸಾಹೇಬರು ಹೆಡ್ ಮೇಡಂ ಕಡೆ ತಿರುಗಿ, "ಯಾರಿದು?" ಎಂದರು.

"ಅದೇ ಸಾರ್, ನಲವತ್ತೊಂದನೇದು. ಜಾಸ್ತಿ ಜನ ಆದ್ರೆ ಓಡಿಹೋಗುತ್ತೆ."

ಸಾಹೇಬರು ಗುಂಡಮ್ಮನನ್ನು ನೋಡಿದರು. ಮೆಲ್ಲಗೆ ಕಾಲು ಹಿಂದಕ್ಕೆ ತೆಗೆದು ಅಂಗಳದ ಬಿಸಿಲಿಗಿಳಿದರು. "ಪುಣ್ಯವಂತೆ ಕಣಮ್ಮ ನೀನು. ನಮ್ಮ ಆಫೀಸಲ್ಲಿ ಹೀಗೆ ‘ಸಾಕು, ಇನ್ನಿಲ್ಲ’ ಅನ್ನೋರು ಒಬ್ಬರಿದ್ದಿದ್ರೆ ನಾನು ಎಂಟು ಜನರ ಕೆಲಸ ಮಾಡ್ತಿರ್ಲಿಲ್ಲ," ಎಂದು ದೂರದಿಂದಲೇ ಬೆರಳು ತೋರಿಸುತ್ತ ಎಣಿಸಿದರು. ಹನ್ನೆರಡು, ಹದಿಮೂರು, ಹದಿನಾಲ್ಕು. ಇಪ್ಪತ್ತೇಳನ್ನು ಕೂಡಿಸಿದರು. ಎರಡನೇ ಸಲ ಕೂಡಿಸಿದರು.

"ನಲವತ್ತೊಂದು ಮೇಡಂ. ಮಾಡಿಕೊಳ್ಳಿ ಎರಡು ಕ್ಲಾಸು."

"ಹೋ!" ಎಂದು ಕೂಗಿಬಿಟ್ಟರು ಹೆಡ್ ಮೇಡಂ, ಎರಡೂ ಕೈಯೆತ್ತಿ, ಆಟದಲ್ಲಿ ಗೆದ್ದವರ ಹಾಗೆ. ಅವರು ಹೀಗೆ ಕೂಗಿದ್ದನ್ನು ಆ ಶಾಲೆಯಲ್ಲಿ ಯಾರೂ ಕಂಡವರಲ್ಲ. ಇದೇನಪ್ಪಾ ಎಂದು ಒಳಗಿದ್ದ ಇಪ್ಪತ್ತೇಳೂ ಜನ ಬಾಗಿಲಿಂದ ಜಗಲಿಗೆ ನುಗ್ಗಿದರು. ಒಬ್ಬರ ಮೇಲೊಬ್ಬರು ಬಿದ್ದರು. ಯಾಕೆಂದು ಗೊತ್ತಿಲ್ಲದಿದ್ದರೂ ಎಲ್ಲರೂ ಹೋ ಎಂದರು. ಹೊಸ ಟೀಚರ್ ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದವಳು ತಟ್ಟನೆ ಎದ್ದಳು. ಗುಂಡಮ್ಮ! ಗೇಟಿನ ಕಡೆ ನೋಡಿದಳು. ಅಲ್ಲಿ ಅಜ್ಜಿ ಒಬ್ಬರೇ ಇದ್ದರು.

ಗುಂಡಮ್ಮ ಗುಂಪಿನ ನಟ್ಟನಡುವೆ ಸಿಕ್ಕಿಕೊಂಡಿದ್ದಳು. ಜಡೆ ಬಿಚ್ಚಿಹೋಗಿತ್ತು, ಒಂದು ಚಪ್ಪಲಿ ಕಾಣಿಸುತ್ತಿರಲಿಲ್ಲ. ಒಳಗಿಂದ ಬಂದವರಿಗೆ ಆನೆ ಹೇಗೆ ಸೀನಿತೆಂದು ತೋರಿಸಿಕೊಡುತ್ತಿದ್ದಳು. "ಹಾಗಲ್ಲ ಕಣ್ರೋ, ಹೀಗೆ!"

"ಗುಂಡಮ್ಮಾ, ಮನೆಗೆ ಬರ್ತೀಯೇನೇ?" ಎಂದು ಅಜ್ಜಿ ಗೇಟಿನಿಂದ ಕರೆದರು. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಕರೆಯಲೆಂದು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಗೇಟು ಮುಂದಕ್ಕೆ ಹಾಕಿ, ಬೀದಿಗಿಳಿದರು. ಎರಡು ಹೆಜ್ಜೆ ಇಟ್ಟು ಒಮ್ಮೆ ತಿರುಗಿ ನೋಡಿ, ಆಮೇಲೆ ನಡೆದರು, ಎರಡೂ ಕೈ ಬೀಸಿಕೊಂಡು.