ಬೆನ್ನು ನೋಡದ ಸಂಜೆ

ನನ್ನ ಗಂಡ ಆಲ್ಗೋಟ್ ಸತ್ತದ್ದು ಒಂದು ಉಣುಗು ಕಚ್ಚಿ. ಹೀಗೆಂದರೆ ಪರವೂರಿನವರಿಗೆ ನಗು ಬರುತ್ತದೆ. ಎಳ್ಳುಕಾಳಿನಷ್ಟು ಹುಳ, ಆರಡಿ ಗಂಡಸು. ನಗಲಿ ಬಿಡಿ. ಒಂಬತ್ತು ತಿಂಗಳಿಂದ ಯಾರು ನಕ್ಕರೂ ಯಾರು ಕೈ ಹಿಡಿದು ಸಮಾಧಾನ ಹೇಳಿದರೂ ನನಗೆ ಒಂದೇ. ಕುರಿಗಳಿಗೆ ನೀರಿಡುತ್ತೇನೆ, ಒಲೆ ಹಚ್ಚುತ್ತೇನೆ, ಮೀನು ಹುರಿದು ಅರ್ಧ ತಿಂದು ಉಳಿದದ್ದನ್ನು ಬೆಕ್ಕಿಗೆ ಹಾಕುತ್ತೇನೆ.

ನಮ್ಮ ಓಲಾಂಡ್ ದ್ವೀಪಗಳಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹುಲ್ಲಿಗೆ ಕಾಲಿಡುವವರು ಪ್ಯಾಂಟಿನ ಅಂಚನ್ನು ಬಿಳಿ ಕಾಲುಚೀಲದೊಳಗೆ ತುರುಕಿಕೊಳ್ಳುತ್ತಾರೆ. ಮನೆಗೆ ಬಂದ ಮೇಲೆ ಬಟ್ಟೆಯನ್ನು ಹೊರಗೇ ಕೊಡವಿ, ಮೈ ನೋಡಿಕೊಳ್ಳುತ್ತಾರೆ. ಮಂಡಿಯ ಹಿಂದೆ, ಕಂಕುಳು, ಹೊಕ್ಕುಳು, ಕಿವಿಯ ಸಂದು. ಉಣುಗು ಸಿಕ್ಕರೆ ಚಿಮುಟದಲ್ಲಿ ಚರ್ಮದ ಹತ್ತಿರಕ್ಕೇ ಹಿಡಿದು ನೆಟ್ಟಗೆ ಎಳೆಯಬೇಕು, ಹಿಚುಕಬಾರದು. ಇದೆಲ್ಲ ಒಬ್ಬರೇ ಮಾಡಬಹುದು. ಬೆನ್ನು ಮಾತ್ರ ಆಗದು, ತನ್ನ ಬೆನ್ನು ತನಗೆ ಕಾಣದು. ನಲವತ್ತೊಂದು ಬೇಸಿಗೆ ಅಡುಗೆಮನೆಯ ಕಿಟಕಿಯ ಬಳಿ ನಾನು ಅವನ ಬೆನ್ನು ನೋಡಿದೆ, ಅವನು ನನ್ನದು ನೋಡಿದ. ಪ್ರೀತಿ ಗೀತಿ ಅಂತೆಲ್ಲ ಅಂದುಕೊಳ್ಳಬೇಡಿ. ಆಲೂಗಡ್ಡೆ ಬೇಯುವಷ್ಟರಲ್ಲಿ ಮುಗಿಯುವ ಕೆಲಸ ಅದು.

ಹೋದ ಜುಲೈನಲ್ಲಿ ಒಂದು ಸಂಜೆ ನೋಡಲಿಲ್ಲ. ಅವನು ಗೇಟು ಹಾಕುವುದನ್ನು ಮರೆತಿದ್ದ, ಕುರಿಗಳು ನುಗ್ಗಿ ನನ್ನ ಕರಂಟ್ ಎಂಬ ಪುಟ್ಟ ಹುಳಿ ಹಣ್ಣಿನ ಗಿಡಗಳನ್ನು ಬುಡದವರೆಗೂ ಮೇಯ್ದಿದ್ದವು. ಇವನು ಅಂಗಿ ಕಳಚಿ ಕಿಟಕಿಗೆ ಬೆನ್ನು ಕೊಟ್ಟು ನಿಂತು ನಗುತ್ತಿದ್ದ.

"ಈ ವರ್ಷ ಜಾಮ್ ಮಾಡೋ ಕಷ್ಟ ತಪ್ಪಿತು ನಿಂಗೆ" ಅಂದ.

"ನಿನ್ನ ಬೆನ್ನು ನೀನೇ ನೋಡ್ಕೋ. ಇಲ್ಲ ಆ ಕುರಿಗಳಿಗೆ ತೋರಿಸು" ಅಂದೆ.

ಅವನು ಅಂಗಿ ಹಾಕಿಕೊಂಡ. ಮರುದಿನ ಸಂಜೆ ನೋಡಿದಾಗ ಭುಜದ ಮೂಳೆಗಳ ನಡುವೆ ಅದು ಉಬ್ಬಿ ಕೂತಿತ್ತು. ಕಿತ್ತು ಒಲೆಗೆ ಹಾಕಿದೆ. ಹನ್ನೆರಡು ದಿನಕ್ಕೆ ತಲೆನೋವು ಶುರುವಾಯಿತು, ಆಮೇಲೆ ಜ್ವರ, ಆಮೇಲೆ ನನ್ನ ಹೆಸರು ಮರೆತ. ಮೆದುಳು ಜ್ವರ ಅಂದರು. ಆಗಸ್ಟ್ ಮುಗಿಯುವ ಮೊದಲು ಹೋದ.

ಆ ಜ್ವರಕ್ಕೆ ಮುಂಚಿತವಾಗಿ ಹಾಕುವ ಸೂಜಿ ಇದೆ, ಇಲ್ಲವೆಂದಲ್ಲ. ಮೇ ತಿಂಗಳಲ್ಲಿ ಒಂದು ದಿನ ನರ್ಸು ದೋಣಿಯಲ್ಲಿ ಬಂದು ಬೆಂಕಿ ಆರಿಸುವ ಬಂಡಿ ನಿಲ್ಲಿಸುವ ಶೆಡ್ಡಿನಲ್ಲಿ ಕೂರುತ್ತಾಳೆ. ನಮ್ಮ ವಯಸ್ಸಿನವರಿಗೆ ಮೂರು ವರ್ಷಕ್ಕೊಮ್ಮೆ. ಆಲ್ಗೋಟ್‌ನ ಸರದಿ ಹೋದ ವರ್ಷ ಇತ್ತು. ಅವನು ಹೋಗುವಷ್ಟರಲ್ಲಿ ದೋಣಿ ಹೊರಟುಹೋಗಿತ್ತಂತೆ. ಸೂಜಿ ತಪ್ಪಿದವನಿಗೆ ಉಳಿದದ್ದು ನನ್ನ ಕಣ್ಣು. ಅದನ್ನೂ ನಾನು ಒಂದು ಬುಟ್ಟಿ ಕರಂಟ್ ಹಣ್ಣಿಗಾಗಿ ತಪ್ಪಿಸಿದೆ. ಅವನನ್ನು ಕೊಂದದ್ದು ನಾನೇ ಎಂದು ನನಗೆ ಖಚಿತವಿತ್ತು. ಯಾರಿಗೂ ಹೇಳಿರಲಿಲ್ಲ.

ನನ್ನ ಅತ್ತಿಗೆ ಗುನ್ವೋರ್, ಆಲ್ಗೋಟ್‌ನ ಅಕ್ಕ, ಅಂಗಳದಾಚೆಯ ಮನೆಯವಳು. ಎಪ್ಪತ್ತೆರಡು ವರ್ಷ. ಸಕ್ಕರೆ ಹುಡುಕುವ ನೆಪದಲ್ಲಿ ನಮ್ಮ ಮನೆಯ ಎಲ್ಲ ಡಬ್ಬಿಗಳ ಮುಚ್ಚಳ ತೆಗೆದು ನೋಡುವ ಹೆಂಗಸು. ಈ ವಸಂತದಲ್ಲಿ ಹುಲ್ಲು ಚಿಗುರಿದಾಗಿನಿಂದ ದಿನಾ ಸಂಜೆ ಬಂದು ಒಂದೇ ಪ್ರಶ್ನೆ.

"ಮೈ ನೋಡ್ಕೊಂಡ್ಯಾ?"

"ನೋಡ್ಕೊಂಡೆ."

"ಬೆನ್ನು?"

"ಕನ್ನಡೀಲಿ ನೋಡ್ಕೊಂಡೆ."

"ಕನ್ನಡೀಲಿ ಏನ್ ಕಾಣುತ್ತೆ ಮಣ್ಣು. ತಿರುಗು ಈಕಡೆ, ನಾನು ನೋಡ್ತೀನಿ."

"ಬೇಡ ಅಂದ್ನಲ್ಲ."

ನಾನು ಕನ್ನಡಿಯಲ್ಲೂ ನೋಡಿರಲಿಲ್ಲ, ಮಂಡಿಯನ್ನೂ ನೋಡಿರಲಿಲ್ಲ. ಕಾಲುಚೀಲ ಹಾಕದೆಯೇ ಕುರಿಗಳ ಹಿಂದೆ ಹೋಗುತ್ತಿದ್ದೆ. ಸಾಯಬೇಕೆಂದೇನೂ ಇರಲಿಲ್ಲ. ಅವನಿಗಾಗಿ ಮಾಡದ್ದನ್ನು ನನಗಾಗಿ ಮಾಡಿಕೊಳ್ಳಲು ಕೈ ಬರುತ್ತಿರಲಿಲ್ಲ.

ಈ ವರ್ಷ ಸೂಜಿಯ ಸರದಿ ನನ್ನದು. ನಾನು ಹೋಗುವವಳಲ್ಲ ಎಂದು ಗುನ್ವೋರ್‌ಗೆ ಗೊತ್ತಿತ್ತು. ನರ್ಸು ಬಂದ ದಿನ ಬೆಳಿಗ್ಗೆಯೇ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಳು. "ನಡೀತೀಯೋ, ಕೈಗಾಡೀಲಿ ಹಾಕ್ಕೊಂಡು ತಳ್ಳಿಕೊಂಡು ಹೋಗ್ಲೋ" ಅಂದಳು. ವಾದ ಮಾಡುವುದಕ್ಕಿಂತ ನಡೆಯುವುದು ಸುಲಭವಾಗಿತ್ತು.

ಶೆಡ್ಡಿನಲ್ಲಿ ಇಲ್ವಾ ಎಂಬ ನರ್ಸು ನನ್ನ ತೋಳನ್ನು ಹತ್ತಿಯಿಂದ ಒರೆಸಿದಳು. ಗುನ್ವೋರ್ ಪಕ್ಕದ ಕುರ್ಚಿಯಲ್ಲಿ ಪಹರೆಗೆ ಕೂತಿದ್ದಳು. ಇಲ್ವಾ ಎಲ್ಲರನ್ನೂ ಕೇಳುವಂತೆ ಕೇಳಿದಳು.

"ಸಂಜೆ ಹೊತ್ತು ಮೈ ನೋಡ್ಕೋತೀರಲ್ವಾ? ಬೆನ್ನು ಯಾರು ನೋಡ್ತಾರೆ?"

"ಯಾರೂ ಇಲ್ಲ. ನೋಡ್ತಿದ್ದವನ ಬೆನ್ನನ್ನ ನಾನು ಒಂದು ಸಂಜೆ ನೋಡ್ಲಿಲ್ಲ. ಸತ್ತುಹೋದ" ಅಂದೆ.

ಹೇಗೆ ಬಾಯಿಂದ ಬಂತೋ ಗೊತ್ತಿಲ್ಲ. ಕೇಳಿದಳು, ಹೇಳಿದೆ. ಇಲ್ವಾ ಹತ್ತಿಯನ್ನು ತಟ್ಟೆಯಲ್ಲಿಟ್ಟು ಸ್ಟೂಲನ್ನು ಹತ್ತಿರ ಎಳೆದುಕೊಂಡಳು.

"ಯಾವ ಕಾಯಿಲೆ ಆಗಿತ್ತು ಅವರಿಗೆ?"

"ಮೆದುಳು ಜ್ವರ."

"ಹಾಗಿದ್ರೆ ಕೇಳಿಲ್ಲಿ ದಾಗ್ನಿ. ಉಣುಗಿಂದ ಬರೋ ಇನ್ನೊಂದು ಕಾಯಿಲೆ ಇದೆಯಲ್ಲ, ಚರ್ಮದ ಮೇಲೆ ಕೆಂಪು ಬಳೆ ಥರ ಏಳೋದು, ಅದರ ವಿಷ ಮೈಗೆ ಇಳಿಯೋಕೆ ಹೊತ್ತು ಹಿಡಿಯುತ್ತೆ. ಅದಕ್ಕೇ ದಿನಾ ಸಂಜೆ ನೋಡಿ ಕೀಳಿ ಅನ್ನೋದು. ಮೆದುಳು ಜ್ವರ ಹಾಗಲ್ಲ. ಹುಳ ಬಾಯಿ ಇಟ್ಟ ಕೆಲವೇ ನಿಮಿಷಕ್ಕೆ ಒಳಗೆ ಹೋಗಿರುತ್ತೆ. ಹುಲ್ಲಲ್ಲಿ ನಿಂತಾಗಲೇ ಹೋಗಿರುತ್ತೆ."

"ಆ ಸಂಜೆ ನಾನು ನೋಡಿದ್ರೆ?"

"ನೋಡಿದ್ರೂ ಅಷ್ಟೇ. ಅದನ್ನ ತಡೆಯೋದು ಸೂಜಿ ಒಂದೇ."

ನನಗೆ ಸೂಜಿ ಚುಚ್ಚಿದಳು, ಚೀಟಿಯಲ್ಲಿ ತಾರೀಕು ಬರೆದಳು. ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಭಾರ ಇಳಿಸಿದ ಮೇಲೂ ಸ್ವಲ್ಪ ಹೊತ್ತು ಕೈ ಮಡಚಿಕೊಂಡೇ ಇರುತ್ತದಲ್ಲ, ಹಾಗಿತ್ತು. ಪಕ್ಕಕ್ಕೆ ತಿರುಗಿ ನೋಡಿದರೆ ಗುನ್ವೋರ್‌ಳ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು.

ವಾಪಸ್ಸು ಬರುವ ದಾರಿಯಲ್ಲಿ ಅವಳು ಅಂಚೆ ಡಬ್ಬಿಗಳ ಹತ್ತಿರ ನಿಂತಳು.

"ಅವತ್ತು ಅವನನ್ನ ತಡೆದಿದ್ದು ನಾನು" ಅಂದಳು.

"ಯಾವತ್ತು?"

"ಹೋದ ವರ್ಷ, ನರ್ಸು ಬಂದಿದ್ದ ದಿನ. ಶೆಡ್ಡಿಗೆ ಹೊರಟಿದ್ದ. ಶನಿವಾರ ನೆಂಟರು ಬರೋದಿತ್ತು, ನಮ್ಮ ದೋಣಿಕಟ್ಟೆಯ ಹಲಗೆ ಕಿತ್ತು ಬಂದಿತ್ತು. ಇದನ್ನ ಬಡಿದುಕೊಟ್ಟು ಹೋಗೋ, ಸೂಜಿ ಎಲ್ಲಿಗೆ ಓಡಿಹೋಗುತ್ತೆ ಅಂದೆ. ಒಂದು ಹಲಗೆ ಅಂತ ಶುರು ಮಾಡಿ ಆರು ಹಲಗೆ ಮಾಡಿಸಿದೆ ದಾಗ್ನಿ. ಮುಗಿಯೋ ಹೊತ್ತಿಗೆ ದೋಣಿ ಹೋಗಿತ್ತು."

"ಅವನು ನಂಗೆ ಹೇಳ್ಲಿಲ್ಲ."

"ನೀನು ನನ್ನ ಮೇಲೆ ಹಾರಾಡ್ತೀಯ ಅಂತ ಹೇಳಿರಲ್ಲ. ನಿಂಗೆ ಗೊತ್ತಿದ್ದೇ ಸುಮ್ಮನಿದ್ದೀಯೇನೋ ಅಂತ ನಾನು ದಿನಾ ನಿನ್ನ ಮುಖ ನೋಡೋಕೆ ಬರ್ತಿದ್ದೆ."

ಆಗ ನನಗೆ ಕೋಪ ಬಂತು. ಒಂಬತ್ತು ತಿಂಗಳಲ್ಲಿ ಮೊದಲ ಸಲ ಏನೋ ಒಂದು ಬಂತು. ಆರು ಹಲಗೆ. ಇಡೀ ಚಳಿಗಾಲ ನಾನು ಹೊತ್ತದ್ದು ಇವಳ ಪಾಪವನ್ನು. ಹೇಳಬೇಕಾದ ಮಾತು ನಾಲಿಗೆಯ ತುದಿಗೇ ಬಂದಿತ್ತು, ಹೇಳಿದ್ದರೆ ಅವಳು ಅಲ್ಲೇ ಕುಸಿಯುತ್ತಿದ್ದಳು. ಆ ತಪ್ಪನ್ನು ಹೊತ್ತು ಬದುಕುವ ರುಚಿ ನನಗೆ ಗೊತ್ತಿತ್ತು. ಹೇಳಿಬಿಟ್ಟರೆ ನಾನು ಮನೆಗೆ ಹೋಗಿ ಮೀನು ಹುರಿಯುತ್ತೇನೆ, ಇನ್ನು ಅವಳು ಆ ಮನೆಯಲ್ಲಿ ಕೂತು ಅರ್ಧ ತಿಂದು ಬೆಕ್ಕಿಗೆ ಹಾಕುತ್ತಾಳೆ.

"ಅವನು ಹೇಗೂ ಹೋಗ್ತಿರಲಿಲ್ಲ ಬಿಡು" ಅಂದೆ.

"ಅಂದ್ರೆ?"

"ಸೂಜಿ ಕಂಡ್ರೆ ಪ್ರಾಣ ಹೋಗ್ತಿತ್ತು ಅವನಿಗೆ. ನಿನ್ನ ಹಲಗೆ ಒಂದು ನೆಪ ಅಷ್ಟೇ. ಅದಿಲ್ದೇ ಇದ್ರೆ ಬಲೆ ಹರಿದಿದೆ ಅಂತಿದ್ದ."

"ಆಲ್ಗೋಟ್‌ಗಾ? ಸೂಜಿ ಭಯವಾ?"

"ಒಡಹುಟ್ಟಿದ ಅಕ್ಕ, ಅಷ್ಟೂ ಗೊತ್ತಿಲ್ವಾ ನಿಂಗೆ?"

ಅವಳು ನನ್ನನ್ನೇ ನೋಡಿದಳು. ನಂಬಬೇಕೆಂದು ಎಷ್ಟು ಆಸೆಯಿತ್ತೆಂದರೆ ನಂಬಿಯೇ ಬಿಟ್ಟಳು. "ಹೇಡಿ ಮುಂಡೇದು" ಅಂದಳು, ಅಂಚೆ ಡಬ್ಬಿ ಹಿಡಿದುಕೊಂಡು ನಕ್ಕಳು, ಅತ್ತಳು. "ಅಷ್ಟು ದೊಡ್ಡ ದೇಹ ಇಟ್ಕೊಂಡು, ಹೇಡಿ."

"ಹೂಂ. ಹೇಡಿ" ಅಂದೆ ನಾನೂ.

ಆಲ್ಗೋಟ್ ವರ್ಷಕ್ಕೆ ಎರಡು ಸಲ ದೋಣಿಗೆ ಎಣ್ಣೆ ತರುತ್ತೇನೆಂದು ಎಲ್ಲರಿಗೂ ಹೇಳಿ ಪಟ್ಟಣಕ್ಕೆ ಹೋಗಿ ತೋಳಿಗೆ ಸೂಜಿ ಚುಚ್ಚಿಸಿಕೊಂಡು ರಕ್ತ ಕೊಟ್ಟು ಬರುತ್ತಿದ್ದ. ಮೂವತ್ತು ವರ್ಷ ಕೊಟ್ಟ. ಹೇಳಿಕೊಳ್ಳಲು ನಾಚಿಕೆ ಅವನಿಗೆ, ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ. ಅದಕ್ಕಾಗಿ ಆಸ್ಪತ್ರೆಯವರು ಅವನ ಹೆಸರು ಕೆತ್ತಿಸಿ ಕೊಟ್ಟ ಬೆಳ್ಳಿ ಬಿಲ್ಲೆಯೊಂದು ನಮ್ಮ ಕಾಫಿ ಡಬ್ಬಿಯ ತಳದಲ್ಲಿ ಪುಡಿಯಡಿ ಹುದುಗಿತ್ತು. ಮಧ್ಯಾಹ್ನ ಅದನ್ನು ಜೇಬಿಗೆ ಹಾಕಿಕೊಂಡು ದಡಕ್ಕೆ ಹೋದೆ. ಗುನ್ವೋರ್ ಇವತ್ತಲ್ಲ ನಾಳೆ ಆ ಡಬ್ಬಿ ಕೆದಕದೆ ಬಿಡುವವಳಲ್ಲ. ಬೆರಳಿನಿಂದ ಒಮ್ಮೆ ಅವನ ಹೆಸರನ್ನು ಸವರಿ ನೀರಿಗೆ ಹಾಕಿದೆ. ಅವನು ಎಂಥವನು ಎಂದು ಇನ್ನು ಮುಂದೆ ನಾನು ಯಾರಿಗೂ ಹೇಳುವಂತಿಲ್ಲ. ಅದು ಹೊಳೆಯುತ್ತಾ ಕೆಳಗಿಳಿಯಿತು, ಆಗ ನನಗೆ ನೋವಾಯಿತು.