ಮಾತಿಲ್ಲದ ತಾತನ ನಾಲ್ಕು ಸಾಲು

ಆ ಧಾರಾವಾಹಿಯಲ್ಲಿ ತಾತನಿಗೆ ಮಾತು ನಿಂತು ಮೂರೂವರೆ ವರ್ಷವಾಗಿತ್ತು. ಹಾಗೆ ನೋಡಿದರೆ ಅದು ಕಾಯಿಲೆಯಲ್ಲ, ಶಿಕ್ಷೆ. ಮೊದಮೊದಲು ತಾತನ ಪಾತ್ರಕ್ಕೆ ದಿನಕ್ಕೆ ಎರಡು ಪುಟ ಸಂಭಾಷಣೆ ಇರುತ್ತಿತ್ತು. ಅದನ್ನು ಓದಿ ಆ ಪಾತ್ರ ಮಾಡುತ್ತಿದ್ದವರು, ಸೆಟ್ಟಿನಲ್ಲೂ ಎಲ್ಲರಿಗೂ ತಾತನೇ, ಸುಮ್ಮನಿರುತ್ತಿರಲಿಲ್ಲ. ಯಾವ ಮನೆಯಲ್ಲಿ ಮಾವ ಸೊಸೆಗೆ ಹೀಗೆ ಭಾಷಣ ಬಿಗಿಯುತ್ತಾನೆ ಎಂದು ಬರೆದವನ ಎದುರಿಗೇ ಕೇಳುತ್ತಿದ್ದರು. ಅವನಾದರೂ ಎಷ್ಟು ದಿನ ಅಂತ ಸಹಿಸಿಯಾನು? ನೂರಹತ್ತನೇ ಕಂತಿನ ಹಾಳೆಗಳು ಬಂದಾಗ ಅದರಲ್ಲಿ 'ತಾತನಿಗೆ ಲಕ್ವ ಹೊಡೆಯುತ್ತದೆ, ಮಾತು ಬಿದ್ದುಹೋಗುತ್ತದೆ' ಎಂದಿತ್ತು. ಅಂದು ಕಂಬಳಿ ಹೊದ್ದು ಮಂಚದ ಮೇಲೆ ಮಲಗಿದವರು ಮತ್ತೆ ಏಳಲಿಲ್ಲ. ಸೊಸೆಯ ಪಾತ್ರದವಳು ಚಮಚದಲ್ಲಿ ಉಣಿಸುತ್ತಾಳೆ, ಇವರು ಕಣ್ಣು ತೇವ ಮಾಡಿಕೊಳ್ಳುತ್ತಾರೆ, ಅಷ್ಟೇ ಕೆಲಸ. ಒಮ್ಮೆ ನಿಜವಾಗಿಯೇ ನಿದ್ದೆ ಹೋಗಿ ಗೊರಕೆ ಹೊಡೆದು, ಮನೆಮಂದಿಯೆಲ್ಲ ಗೋಳಾಡುವ ದೃಶ್ಯವನ್ನು ಎರಡನೇ ಸಲ ತೆಗೆಯಬೇಕಾಗಿ ಬಂದಿತ್ತು.

ಸಾವಿರದ ಕಂತು ಹತ್ತಿರ ಬಂದಾಗ ಚಾನೆಲ್ಲಿನವರಿಗೆ ಹೊಸ ಹುಚ್ಚು ಹಿಡಿಯಿತು. ಆ ಕಂತಿನಲ್ಲಿ ಯಾರೂ ಮಾತಾಡಕೂಡದು. ಜಗಳ, ಅಳು, ಕ್ಷಮೆ, ಕೊನೆಗೆ ಬಾಗಿಲು ಹಾಕು ಎನ್ನುವುದೂ ಹಾಡಿನಲ್ಲೇ ಆಗಬೇಕು. ನಟರು ತಾವೇ ಹಾಡುತ್ತಾರೆ ಎಂದು ಊರೆಲ್ಲ ಜಾಹೀರಾತು ಹಾಕಿದರು. ಮಾತಾಡಲಾಗದವನು ಹಾಡಬಹುದಲ್ಲ ಎಂದು ಯಾರಿಗೋ ಹೊಳೆಯಿತು. ಹೀಗೆ ತಾತನ ಪಾಲಿಗೆ ನಾಲ್ಕು ಸಾಲು ಬಂತು.

ಅದನ್ನು ಕಲಿಸುವ ಕೆಲಸ ಟ್ರ್ಯಾಕಿನದು. ಟ್ರ್ಯಾಕ್ ಎಂದರೆ ಮನುಷ್ಯನೇ. ಸ್ಟುಡಿಯೋದವರು ಇಟ್ಟ ಹೆಸರು ಅದು. ಧ್ವನಿ ವಿಭಾಗದಲ್ಲಿ ಕೂತು ಹಗಲೆಲ್ಲ ಬಾಗಿಲು ಬಡಿಯುವ ಸದ್ದು, ಲೋಟ ಒಡೆಯುವ ಸದ್ದು ಜೋಡಿಸುವವನು. ಯಾವುದಾದರೂ ಹಾಡು ಬಂದಾಗ, ನಿಜವಾದ ಗಾಯಕ ಕೇಳಿ ಕಲಿಯಲಿ ಎಂದು ಅದನ್ನು ಮೊದಲು ತಾನು ಹಾಡಿ ಇಡುತ್ತಿದ್ದ. ಅದಕ್ಕೆ ಟ್ರ್ಯಾಕ್ ಎನ್ನುತ್ತಾರೆ. ಗಾಯಕ ಬಂದು ಹಾಡಿಹೋದ ಮೇಲೆ ಟ್ರ್ಯಾಕನ್ನು ಅಳಿಸಬೇಕು. ಹನ್ನೆರಡು ವರ್ಷ ಅವನು ಹಾಡಿದ್ದ, ಹನ್ನೆರಡು ವರ್ಷ ತನ್ನ ದನಿಯನ್ನು ತನ್ನ ಬೆರಳಿನಿಂದಲೇ ಅಳಿಸಿದ್ದ. ಟೀವಿಯಲ್ಲಿ ನಿನ್ನ ದನಿ ಯಾವಾಗ ಬರುತ್ತದೋ ಎಂದು ಅವನ ತಾಯಿ ಕೇಳಿ ಕೇಳಿ, ಈಚೆಗೆ ಕೇಳುವುದನ್ನೇ ಬಿಟ್ಟಿದ್ದಳು. ಅವಳು ಕೇಳುತ್ತಿದ್ದಾಗ ಅವನಿಗೆ ಸಿಟ್ಟು ಬರುತ್ತಿತ್ತು. ಬಿಟ್ಟ ಮೇಲೆ ಸಂಕಟವಾಗುತ್ತಿತ್ತು.

ತಾತ ಮೂರು ವಾರ ಬಿಡದೆ ಬಂದರು. ಗೋಡೆಗೆಲ್ಲ ಸ್ಪಂಜು ಬಡಿದ, ಇಬ್ಬರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುವ ಆ ಕೋಣೆಯಲ್ಲಿ ಕನ್ನಡಕ ಮೂಗಿನ ತುದಿಗಿಳಿಸಿ ಹಾಳೆ ಹಿಡಿದುಕೊಂಡು ಕೂರುತ್ತಿದ್ದರು. ತಮ್ಮ ಮಗನ ವಯಸ್ಸಿನವನನ್ನು 'ಮೇಷ್ಟ್ರೇ' ಎಂದು ಕರೆದು, ಕರೆದ ಬಾಯಲ್ಲೇ 'ನೀನು' ಎನ್ನುತ್ತಿದ್ದರು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಸಿಕೊಂಡರು. ಹಾಡು ಇಷ್ಟೇ:

ಮಾತು ಬಿದ್ದುಹೋದ ಮನೆಯಲ್ಲಿ
ತುತ್ತು ಎತ್ತಿ ಕೊಟ್ಟ ಕೈಯೆ,
ಹೆಸರು ಹಿಡಿದು ಕರೆಯಲಾರೆ,
ಹೋಗಬೇಡ, ಇಲ್ಲೆ ಇರು ತಾಯೆ.

ಇಷ್ಟಕ್ಕೆ ಯಾಕೆ ಇಷ್ಟೊಂದು ತಾಲೀಮು ಎಂದು ಟ್ರ್ಯಾಕ್ ಒಂದು ದಿನ ಛೇಡಿಸಿದ. ತಾತ ಕನ್ನಡಕ ತೆಗೆದು ಮಡಿಚಿದರು.

"ಮನೆಯವಳಿಗೆ ಕಣ್ಣು ಹೋಗಿ ಎರಡು ವರ್ಷ ಆಯ್ತು ಮೇಷ್ಟ್ರೇ. ದಿನಾ ಸಂಜೆ ಟೀವಿ ಮುಂದೆ ಕೂತ್ಕೋತಾಳೆ. ನಾನು ಮಂಚದ ಮೇಲೆ ಇದೀನೋ ಇಲ್ವೋ ಅವಳಿಗೆ ಹೇಗೆ ಗೊತ್ತಾಗ್ಬೇಕು? ಈಗ ನಾನು ಬಂದೆ ನೋಡು ಅಂತ ಪಕ್ಕದಲ್ಲಿ ಕೂತು ನಾನೇ ಹೇಳ್ತೀನಿ. ಹಾಡು ಬರೋ ಅವತ್ತೊಂದು ದಿನ ಹೇಳಲ್ಲ. ಅವಳೇ ಹೇಳ್ಲಿ."

ಧ್ವನಿಮುದ್ರಣದ ದಿನ ತಾತ ಒಂದೇ ಸಲಕ್ಕೆ ಹಾಡಿದರು. ದನಿ ಒಡೆದಿತ್ತು, ನಡುಗುತ್ತಿತ್ತು, ಆದರೆ ಸ್ವರ ತಪ್ಪಲಿಲ್ಲ. 'ಇಲ್ಲೆ ಇರು' ಎನ್ನುವಲ್ಲಿ ಮಾತ್ರ ತಾಳಕ್ಕಿಂತ ಅರೆಕ್ಷಣ ತಡವಾಗಿ ಬಂದರು, ಮೆಟ್ಟಿಲು ಹತ್ತಿ ಬಂದವರ ಹಾಗೆ. ಟ್ರ್ಯಾಕಿನ ತೋಳಿನ ಮೇಲೆ ರೋಮ ನಿಂತಿತು. ಹಾಡು ಗೊತ್ತಿದ್ದವನಾದ್ದರಿಂದ ಅದೇನೆಂದು ಅವನಿಗೆ ಚೆನ್ನಾಗಿ ತಿಳಿಯಿತು. ಇದನ್ನು ಕಲಿಸಿ ಬರಿಸಲಾಗುವುದಿಲ್ಲ. ಚಿತ್ರೀಕರಣದಲ್ಲಿ ಆ ದನಿಯನ್ನೇ ಸ್ಪೀಕರಿನಲ್ಲಿ ಹಾಕಿದರು, ತಾತ ಅದಕ್ಕೆ ತುಟಿ ಆಡಿಸಿದರು. ಸೊಸೆಯ ಪಾತ್ರದವಳು ಗ್ಲಿಸರಿನ್ ಇಲ್ಲದೆ ಅತ್ತಳು.

ಇಷ್ಟಾಗಿ ಸುಮ್ಮನಿದ್ದರೆ ಟ್ರ್ಯಾಕಿನ ಗಂಟೇನು ಹೋಗುತ್ತಿತ್ತು? ಇರಲಾಗಲಿಲ್ಲ. ತಾತನ ಹಾಡನ್ನು ಮೊಬೈಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಕೇಳಿದ. ಆಮೇಲೆ ತನ್ನದನ್ನು ಕೇಳಿದ. ಮತ್ತೆ ತಾತನದು. ತನ್ನದು ನುಣುಪಾಗಿದೆ, ಸ್ಪಷ್ಟವಾಗಿದೆ ಎಂದು ತನಗೆ ತಾನೇ ಹೇಳಿಕೊಂಡ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕೋಣೆಯ ಬಾಗಿಲು ಹಾಕಿಕೊಂಡು, ಪರದೆಯ ಮೇಲೆ ತಾತನ ತುಟಿ ನೋಡುತ್ತಾ, ದನಿಯನ್ನು ಸ್ವಲ್ಪ ಮುದಿ ಮಾಡಿ ನಾಲ್ಕು ಸಾಲನ್ನೂ ಮತ್ತೆ ಹಾಡಿದ. ಯಾವುದಕ್ಕೂ ಒಂದು ಇರಲಿ ಎಂದುಕೊಂಡ. ಈ 'ಯಾವುದಕ್ಕೂ' ಎನ್ನುವ ಪದ ಎಷ್ಟು ಕಳ್ಳತನಗಳಿಗೆ ಬಾಗಿಲು ತೆರೆದುಕೊಟ್ಟಿದೆಯೋ ಲೆಕ್ಕವಿಲ್ಲ.

ಧ್ವನಿಗಳನ್ನೆಲ್ಲ ಒಟ್ಟು ಕೂಡಿಸುವ ದಿನ ನಿರ್ದೇಶಕ ಬಂದು ಕೂತ. ಮೂರು ರಾತ್ರಿ ನಿದ್ದೆಯಿಲ್ಲದವನು, ಕಣ್ಣು ಕೆಂಡವಾಗಿತ್ತು. ತಾತನ ಹಾಡು ಬಂದಾಗ ತಲೆ ಎತ್ತಿದ.

"ಸ್ವಲ್ಪ ಅಲುಗಾಡ್ತಿದೆ, ಅಲ್ವಾ?" ಎಂದ.

ಅದು ದೂರಲ್ಲ, ಬರೀ ಪ್ರಶ್ನೆ. ಅದೇ ಅದರ ಚೆಂದ ಎಂದು ಟ್ರ್ಯಾಕ್ ಅಂದಿದ್ದರೆ ನಿರ್ದೇಶಕ ತಲೆಯಾಡಿಸಿ ಮುಂದಕ್ಕೆ ಹೋಗುತ್ತಿದ್ದ. ಟ್ರ್ಯಾಕಿಗೆ ಆ ಮಾತು ಬಾಯಿಯವರೆಗೂ ಬಂದಿತ್ತು. ಆದರೆ ಹೊರಗೆ ಬಂದದ್ದು ಬೇರೆ.

"ಇನ್ನೊಂದಿದೆ. ಕೇಳ್ತೀರಾ?"

ನಿರ್ದೇಶಕ ಕೇಳಿದ. ಇದೇ ಇರಲಿ, ನುಣ್ಣಗಿದೆ ಎಂದ. ಯಾರು ಹಾಡಿದ್ದು ಎಂದು ವಿಚಾರಿಸಿ, ನಟರೇ ಹಾಡುತ್ತಾರೆ ಎಂದು ಡಂಗುರ ಸಾರಿರುವುದರಿಂದ ಹೆಸರು ಹಾಕಲಾಗುವುದಿಲ್ಲ ಎಂದು ಭುಜ ತಟ್ಟಿದ. ಎದ್ದು ಹೋಗುವಾಗ ಬಾಗಿಲಲ್ಲಿ ತಿರುಗಿ, ತಾತನಿಗೆ ನೀನೇ ಒಂದು ಮಾತು ಹೇಳಿಬಿಡು, ಬೇಜಾರು ಮಾಡಿಕೊಳ್ಳದ ಹಾಗೆ ಎಂದ. ಟ್ರ್ಯಾಕ್ ಆಗಲಿ ಎಂದ.

ಕಂತು ಪ್ರಸಾರವಾಗುವವರೆಗೆ, ಹೇಳುವುದಕ್ಕೆ ಐದು ದಿನ ಇತ್ತು. ಮೊದಲ ದಿನ ತಾತ ಸೆಟ್ಟಿಗೆ ಬಂದಿರಲಿಲ್ಲ. ಎರಡನೇ ದಿನ ಬಂದಿದ್ದರು, ಸುತ್ತ ಜನ ಇದ್ದರು. ಮೂರನೇ ದಿನ ಜನ ಇರಲಿಲ್ಲ. ತಾತ ಒಬ್ಬರೇ ಮಂಚದ ಮೇಲೆ ಕಂಬಳಿ ಹೊದ್ದು, ಅಪ್ಪಣೆಗಾಗಿ ಕಾಯುತ್ತಾ ಅದೇ ನಾಲ್ಕು ಸಾಲನ್ನು ಗುನುಗುತ್ತಿದ್ದರು. ಅವನು ಬಾಗಿಲವರೆಗೆ ಹೋಗಿ, ವೈರು ಹುಡುಕುವವನಂತೆ ನೆಲ ನೋಡಿ ಹಿಂದಿರುಗಿದ. ಅವತ್ತು ಸಂಜೆ ಮನೆಯಲ್ಲಿ ತಾಯಿಗೆ ಮಾತ್ರ, ಸಾವಿರದ ಕಂತಿನಲ್ಲಿ ತಾತನ ಹಾಡನ್ನು ಗಮನವಿಟ್ಟು ಕೇಳು, ಯಾಕೆಂದು ಹೇಳುವುದಿಲ್ಲ ಎಂದ. ಹೇಳಬೇಕಾದವರಿಗೆ ಹೇಳದ ಬಾಯಿ ಅಲ್ಲಿ ಸಲೀಸಾಗಿ ತೆರೆದುಕೊಂಡಿತು. ನಾಲ್ಕನೇ ದಿನ ತಾತನೇ ಫೋನು ಮಾಡಿದರು.

"ನಾಳೆ ಏಳು ಗಂಟೆಗೆ ನಮ್ಮನೇಲೇ ನೋಡೋಣ. ನನ್ನ ಮೇಷ್ಟ್ರು ನೀನು. ನೀನಿಲ್ದೆ ಟೀವಿ ಹಚ್ಚಲ್ಲ."

ಹೊಟ್ಟೆನೋವು ಎನ್ನಬಹುದಿತ್ತು, ಎನ್ನಲಿಲ್ಲ. ಹೋಗಿ, ಶುರುವಾಗುವ ಮೊದಲೇ ಪಕ್ಕಕ್ಕೆ ಕರೆದು ಹೇಳಿಬಿಡುತ್ತೇನೆ ಎಂದು ಬಸ್ಸಿನಲ್ಲಿ ಮೂರು ಬಗೆಯಲ್ಲಿ ಮಾತು ಜೋಡಿಸಿಕೊಂಡ. ಮೂರನೇ ಮಹಡಿಯ ಬಾಗಿಲು ತೆರೆದಾಗ ಮೂರೂ ಮರೆತುಹೋದವು. ಪುಟ್ಟ ಕೋಣೆಯಲ್ಲಿ ಹದಿನೈದು ಹದಿನಾರು ಮಂದಿ. ಮಗಳು, ಅಳಿಯ, ಅಕ್ಕಪಕ್ಕದ ಮನೆಯವರು, ಕೆಳಗಿನ ಅಂಗಡಿಯವನು. ಬೇರೆ ಬೇರೆ ಮನೆಗಳಿಂದ ತಂದ ಕುರ್ಚಿಗಳು, ಒಂದರ ಹಾಗೆ ಇನ್ನೊಂದಿಲ್ಲ. ತಾತ ಗಡ್ಡ ನುಣ್ಣಗೆ ಹೆರೆದು ಇಸ್ತ್ರಿ ಅಂಗಿ ಹಾಕಿದ್ದರು. ಟೀವಿಗೆ ತೀರ ಹತ್ತಿರದಲ್ಲಿ, ಸ್ಪೀಕರಿನ ಕಡೆಗೆ ಕಿವಿ ತಿರುಗಿಸಿ ಅಜ್ಜಿ ಕೂತಿದ್ದರು. ಮೇಷ್ಟ್ರು ಬಂದರು ಎಂದು ತಾತ ಹೇಳಿದ ಕೂಡಲೇ ಅವರು ಗಾಳಿಯಲ್ಲಿ ಕೈ ಚಾಚಿದರು. ಟ್ರ್ಯಾಕ್ ಕೈ ಕೊಟ್ಟ. ಇವರಿಗೆ ಈ ವಯಸ್ಸಿನಲ್ಲಿ ಹಾಡು ಕಲಿಸಿದೆಯಂತೆ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಅಜ್ಜಿ ಆ ಕೈಯನ್ನು ಹಿಡಿದೇ ಕೂತರು.

ಟೀವಿಯಲ್ಲಿ ಹಾಡುಗಳ ಮೇಲೆ ಹಾಡು ಬಂತು. ಖಳನಾಯಕಿ ಆಸ್ತಿಪತ್ರ ಕದಿಯುತ್ತಾ ಹಾಡಿದಳು, ಪೊಲೀಸಿನವನು ಅವಳನ್ನು ತಡೆಯುತ್ತಾ ಹಾಡಿದ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಮಂಚ ಕಾಣಿಸಿತು. ತಾತ ಹೇಳಿದ್ದಂತೆಯೇ ಮಡದಿಗೆ ಏನೂ ಹೇಳದೆ, ತುಟಿ ಬಿಗಿಹಿಡಿದು ಅವರ ಮುಖವನ್ನೇ ನೋಡುತ್ತಾ ನಿಂತರು. ಪರದೆಯ ಮೇಲೆ ಅವರ ಬಾಯಿ ತೆರೆಯಿತು. ಟ್ರ್ಯಾಕಿನ ದನಿ ಬಂತು. ನುಣ್ಣಗೆ, ತಾಳಕ್ಕೆ ಸರಿಯಾಗಿ, ನಾಲ್ಕು ಸಾಲೂ ಬಂದು ಹೋಯಿತು. ನೆರೆಯವರು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ಅಜ್ಜಿ ತಲೆ ತಿರುಗಿಸಿದರು.

"ಇವರ ಹಾಡು ಯಾವಾಗ ಬರುತ್ತೆ?"

ಮಗಳು ತಂದೆಯ ಮುಖ ನೋಡಿದಳು. ಅದು ತಮ್ಮ ದನಿಯಲ್ಲವೆಂದು ತಾತನಿಗೆ ಮೊದಲ ಅಕ್ಷರದಲ್ಲೇ ಗೊತ್ತಾಗಿತ್ತು. ಮುಖದ ರಕ್ತವೆಲ್ಲ ಇಳಿದುಹೋಗಿತ್ತು. ಅವರು ಟ್ರ್ಯಾಕಿನ ಕಡೆ ನೋಡಲಿಲ್ಲ. ಇಸ್ತ್ರಿ ಮಾಡಿದ ಅಂಗಿಯ ಅಂಚನ್ನು ಎಳೆದುಕೊಂಡು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ನೆರೆಯವರ ಮುಂದೆ ನಕ್ಕರು.

"ಬಂತು ಕಣೆ, ಮುಗೀತು. ಅವತ್ತು ನನ್ನ ಗಂಟಲು ಕಟ್ಟಿತ್ತು. ನಾನು ಸರಿಯಾಗಿ ಹಾಡ್ಲಿಲ್ಲ. ಅದಕ್ಕೆ ಪಾಪ, ಬೇರೆ ಯಾರದೋ ಹಾಕಿದಾರೆ. ಜನರನ್ನೆಲ್ಲ ಸುಮ್ನೆ ಕರೆದುಬಿಟ್ಟೆ."

ಪರವಾಗಿಲ್ಲ ಬಿಡಿ, ಈ ವಯಸ್ಸಲ್ಲಿ ಅಷ್ಟಾದರೂ ಮಾಡಿದಿರಲ್ಲ ಎಂದು ಅಂಗಡಿಯವನು ಸಮಾಧಾನ ಹೇಳಿದ. ಯಾರೋ ಕುರ್ಚಿ ಸರಿಸಿದರು. ಮಾಡಿದವನು ಕೈಯಲ್ಲಿ ಟೀ ಲೋಟ ಹಿಡಿದು ಹಾಯಾಗಿ ಕೂತಿದ್ದ. ನಾಚಿಕೆ ಹೋಗಿ ಹೋಗಿ ಏನೂ ಮಾಡದವರ ತಲೆಯ ಮೇಲೆ ಕೂತಿತ್ತು. ಟ್ರ್ಯಾಕಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಅಜ್ಜಿ ಇನ್ನೂ ಅವನ ಇನ್ನೊಂದು ಕೈಯನ್ನು ಹಿಡಿದೇ ಇದ್ದರು. ಅದನ್ನು ಮೆಲ್ಲಗೆ ಬಿಡಿಸಿಕೊಂಡು, ಲೋಟ ಕೆಳಗಿಟ್ಟು, ಮೊಬೈಲು ತೆಗೆದ. ಎರಡು ಸಲ ತಪ್ಪು ಜಾಗ ಒತ್ತಿದ.

ಒಡೆದ ದನಿ ಹೊರಟಿತು. 'ಮಾತು ಬಿದ್ದುಹೋದ ಮನೆಯಲ್ಲಿ' ಎನ್ನುತ್ತಿದ್ದಂತೆಯೇ ಅಜ್ಜಿ ಬೆನ್ನು ನೆಟ್ಟಗೆ ಮಾಡಿ, ತಾತ ಎಲ್ಲಿದ್ದಾರೆಂದು ಕೈಯಿಂದ ಹುಡುಕಿದರು. "ಇವರೇ. ಈಗ ಬಂದ್ರು ನೋಡಿ" ಎಂದು ಎಲ್ಲರಿಗೂ ಹೇಳಿದರು. 'ಇಲ್ಲೆ ಇರು' ತಡವಾಗಿ ಬಂದಾಗ ಅವರ ಗಂಟಲಿನಿಂದ ಸಣ್ಣದೊಂದು ಸದ್ದು ಹೊರಟಿತು. ಅಂಗಡಿಯವನು ಕಣ್ಣೊರೆಸಿಕೊಂಡ.

ತಾತ ಕೊನೆಯವರೆಗೂ ತಲೆ ತಗ್ಗಿಸಿ ಕೇಳಿದರು. ತಮ್ಮ ಹಾಡಿನಲ್ಲಿ ತಪ್ಪು ಹುಡುಕುತ್ತಿದ್ದರು. ಸಿಗಲಿಲ್ಲ. ಆಮೇಲೆ ಮೊದಲ ಸಲ ಅವನತ್ತ ತಿರುಗಿದರು.

"ಇದರಲ್ಲಿ ಏನು ತಪ್ಪಿತ್ತು?"

ಚಾನೆಲ್ಲಿನವರ ಮೇಲೆ ಹಾಕಬಹುದಿತ್ತು. ನಿರ್ದೇಶಕನ ಮೇಲೆ ಹಾಕಬಹುದಿತ್ತು, ಅದು ಅರ್ಧ ನಿಜವೂ ಆಗುತ್ತಿತ್ತು.

"ಏನೂ ತಪ್ಪಿರ್ಲಿಲ್ಲ ತಾತ. ಟೀವಿಲಿ ಬಂದಿದ್ದು ನನ್ನ ದನಿ. ಡೈರೆಕ್ಟರು ಕೇಳಿರ್ಲಿಲ್ಲ, ನಾನೇ ಮುಂದೆ ಇಟ್ಟೆ. ನಿಮ್ಮದು ಚೆನ್ನಾಗಿದೆ ಅಂತ ಗೊತ್ತಿತ್ತು, ಅದಕ್ಕೇ ಇಟ್ಟೆ."

ಯಾರಾದರೂ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಯಾರೂ ಬೈಯಲಿಲ್ಲ. ತಾತ ಜೇಬಿನಿಂದ ತಮ್ಮ ಮೊಬೈಲು ತೆಗೆದು, ಅವನ ಕೈಗೆ ಕೊಡದೆ, ಅವನ ಮುಂದಿನ ಮೇಜಿನ ಮೇಲೆ ಇಟ್ಟರು.

"ಆ ಹಾಡನ್ನ ಇದಕ್ಕೆ ಹಾಕಿಕೊಡಿ," ಎಂದರು. "ಆಮೇಲೆ ನೀವು ಹೊರಡಿ."

ಅವನು ಹಾಕಿಕೊಟ್ಟ. ಚಪ್ಪಲಿಯ ರಾಶಿಯಲ್ಲಿ ತನ್ನದನ್ನು ಹುಡುಕುವಾಗ ಕೋಣೆಯವರೆಲ್ಲ ತನ್ನ ಬೆನ್ನು ನೋಡುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಒಂದು ಮಹಡಿ ಇಳಿಯುವಷ್ಟರಲ್ಲಿ ಫೋನು ಬಂತು. ತಾಯಿ.

"ಕೇಳಿದೆ ಕಣೋ," ಎಂದಳು. "ಶುರುವಾದ ಕೂಡ್ಲೇ ಗೊತ್ತಾಯ್ತು, ನನ್ನ ಮಗಂದೇ ಅಂತ. ಪಕ್ಕದ ಮನೆಯವರನ್ನೆಲ್ಲ ಕರೆದು ಹೇಳಿದೆ."

ಹನ್ನೆರಡು ವರ್ಷ ಈ ಮಾತಿಗಾಗಿ ಅವನು ಕಾದಿದ್ದ. ಮೆಟ್ಟಿಲ ಮೇಲೆ ಕೂತುಬಿಟ್ಟ. ಮೇಲಿನ ಬಾಗಿಲಿನಿಂದ ತಾತನ ಹಾಡು ಇಳಿದು ಬಂತು. ಅಜ್ಜಿ ಮತ್ತೊಂದು ಸಲ ಹಾಕಿಸಿದ್ದರು. ಮುಗಿಯಿತು. ಮತ್ತೆ ಶುರುವಾಯಿತು.

"ಅದೇ ಹಾಡಲ್ವೇನೋ ಅಲ್ಲಿ ಬರ್ತಿರೋದು?" ತಾಯಿ ಫೋನಿನಲ್ಲಿ ಕಿವಿಗೊಟ್ಟು ಕೇಳಿದಳು. "ಇದ್ಯಾರದು? ಕರುಳು ಹಿಂಡಿದ ಹಾಗೆ ಹಾಡ್ತಾರಲ್ಲ."

"ತಾತಂದು ಅಮ್ಮ," ಎಂದ ಅವನು. "ಟೀವಿಲಿ ಅದೇ ಬರ್ಬೇಕಾಗಿತ್ತು."