ರೂಟರ್‌ಗೆ ಪಿನ್ನು ಚುಚ್ಚಿದ್ದು ನಾನೇ

ನಾಲ್ಕು ಕಡ್ಡಿ ಇದ್ದದ್ದು ಮೂರಾಯಿತು, ಕಂಪ್ಯೂಟರಿನ ಮೂಲೆಯಲ್ಲಿ ರೂಪ ಅನ್ನುವ ಹೆಸರು, ಅದರ ಪಕ್ಕ ಅವಳ ಫೋನಿನ ಸಿಗ್ನಲ್ ಕಡ್ಡಿ, ಅಂದರೆ ಹುಡುಗಿ ಬೀದಿಗಿಳಿದಳು, ಕಾಫಿ ಕೂಡ ಕುಡಿಯಲಿಲ್ಲ, ಕುಡಿ ಅಂತ ನಾನು ಎಲ್ಲಿ ಅಂದೆ, ಬಾಯಿಗೆ ಬಂದಿತ್ತು, ಯಾವ ಲೋಟದಲ್ಲಿ ಕೊಡಲಿ ಅಂತ ಯೋಚಿಸುತ್ತ ನಿಂತುಬಿಟ್ಟೆ, ಥೂ ನನ್ನ ಜನ್ಮಕ್ಕೆ — ಮಗಳು ಭವ್ಯ ನನ್ನ ಮುಖ ನೋಡುತ್ತಿಲ್ಲ, ಪರದೆಯನ್ನೇ ನೋಡುತ್ತಿದ್ದಾಳೆ, ನರ್ಸಿಂಗ್ ಸೀಟಿನ ಅರ್ಜಿ ಅರ್ಧ ಏರಿದೆ, ಐದಕ್ಕೆ ಮುಚ್ಚುತ್ತದೆ, ಈಗ ನಾಲ್ಕೂ ಮುಕ್ಕಾಲು. ಬೆಳಗ್ಗೆಯಿಂದ ವೈಫೈ ಇಲ್ಲ, ಆರಿಸಿ ಹಾಕಿದ್ದಾಯಿತು, ತಂತಿ ಅಲ್ಲಾಡಿಸಿದ್ದಾಯಿತು, ಕೊನೆಗೆ ಭವ್ಯಳೇ ರೂಪಳಿಗೆ ಫೋನ್ ಮಾಡಿದಳು, ಜೊತೆಯಲ್ಲಿ ಓದಿದವಳು, ಕೊಳ್ಳೇಗಾಲದ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ, ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದ ಚೆನ್ನಯ್ಯನ ಮಗಳು, ಆ ಕೇರಿಯವರು ಯಾರೂ ನಮ್ಮ ಹೊಸ್ತಿಲು ದಾಟಿದ್ದಿಲ್ಲ, ಆದರೂ ಕರೆದ ಗಂಟೆಯೊಳಗೆ ಬಸ್ ಹತ್ತಿ ಬಂದಳು, ಚಪ್ಪಲಿ ಬಿಟ್ಟು ಜಗಲಿ ಮೇಲೆ ನಿಂತಳು. ರೂಟರ್ ಎಲ್ಲದೆ ಅಮ್ಮಾರೇ, ಒಳಗದೆ ಕಣವ್ವ, ದೇವರಮನೆ ಪಕ್ಕ, ನಾನೊಂದ್ಸಲ ನೋಡ್ಲಾ, ಬ್ಯಾಡ ಬ್ಯಾಡ, ನೀ ಅಲ್ಲಿಂದ್ಲೇ ಏಳ್ಕೊಡು, ನಾನೇ ಒತ್ತೀನಿ — ಅತ್ತೆ ಇದ್ದಾಗ ಎಲ್ಲವನ್ನೂ ಅತ್ತೆಯ ತಲೆಗೆ ಕಟ್ಟುತ್ತಿದ್ದೆ, ಅವರು ಹೋಗಿ ಆರು ವರ್ಷ, ಬ್ಯಾಡ ಅಂದ ಬಾಯಿ ನನ್ನದೇ.

ಹಿಂದ್ಗಡೆ ಬಟನ್ ಅದೆ, ಒತ್ತಿ ಅಮ್ಮಾರೇ, ಅವಳು ಹೊರಗಿಂದ ಕೂಗಿದಳು, ಬಟನ್ ಕಾಣಲಿಲ್ಲ, ಕಂಡದ್ದು ಒಂದು ಸಣ್ಣ ತೂತು, ಇದೇ ಇರಬೇಕು ಅಂತ ಸೀರೆಯ ಪಿನ್ನು ತೆಗೆದು ಚುಚ್ಚಿದೆ, ಉರಿಯುತ್ತಿದ್ದ ದೀಪಗಳೂ ಆರಿದವು, ಒಳಗಿನ ಸೆಟ್ಟಿಂಗೆಲ್ಲ ಅಳಿಸಿಹೋಯಿತಂತೆ, ಇನ್ನು ಕಂಪನಿಯವರೇ ಬಂದು ಹಾಕಬೇಕಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನೀನು ಸರ್ಯಾಗಿ ಏಳ್ಲಿಲ್ಲ ಅಂದೆ, ಅವಳಿಗೇ ಅಂದೆ. ಅವಳು ಫೋನ್ ತೆಗೆದಳು, ನನ್ ನೆಟ್ಟೇ ತಕಳೇ ಭವ್ಯ, ಅಷ್ಟರಲ್ಲಿ ಅಂಗಡಿಯಿಂದ ಕರೆ, ಓನರು ಬಯ್ತಾವ್ರೆ ಕಣೇ, ಓಯ್ತೀನಿ, ಬಸ್ ಬರೋಗಂಟ ಆನಲ್ಲೇ ಬುಟ್ಟಿರ್ತೀನಿ.

ಎರಡು ಕಡ್ಡಿ. ಬಸ್ ನಿಲ್ಲುವುದು ನಾಲ್ಕು ಮನೆ ಆಚೆ, ಕೂಗಲೇ, ಬಾರವ್ವ ರೂಪ, ಒಳಗೆ ಕೂತ್ಕೊ ಅನ್ನಲೇ, ಈಗ ಕೂಗಿದರೆ ನೆಟ್ಟಿಗಾಗಿ ಕರೆದಳು ಅಂದುಕೊಳ್ಳುತ್ತಾಳೆ, ಅದು ಸುಳ್ಳೂ ಅಲ್ಲವಲ್ಲ, ನಾಚಿಕೆಯಾಗುತ್ತದೆ, ಎದ್ದು ಬಾಗಿಲವರೆಗೂ ಹೋದೆ, ವಾಪಸ್ ಬಂದೆ, ಒಂದು ಕಡ್ಡಿ — ಹಾರನ್ನು, ಹನೂರಿಂದ ಬರುವ ಬಸ್ಸು, ಇದು ತಪ್ಪಿದರೆ ನಮ್ಮ ಕಾಮಗೆರೆಯಲ್ಲಿ ಇನ್ನೊಂದು ಗಂಟೆ ಕಾಯಬೇಕು, ನಿಂತಿತು, ಹೊರಟಿತು, ಕಣ್ಣು ಮುಚ್ಚಿಕೊಂಡೆ, ಹೋಯಿತು ಮಗಳ ಸೀಟು, ನನ್ನಿಂದಲೇ ಹೋಯಿತು, ಬಸ್ಸಿನ ಸದ್ದು ಕೊಳ್ಳೇಗಾಲದ ಕಡೆ ಕರಗಿತು, ಅಮ್ಮ, ಇನ್ನೂ ಬತ್ತಾ ಅದೆ ಕಣಮ್ಮ, ಅಂದಳು ಭವ್ಯ, ಏನು ಬತ್ತಾ ಅದೆ, ಬಸ್ ಹೋಯಿತಲ್ಲ — ಕಣ್ಣು ಬಿಟ್ಟೆ, ಬಸ್ ಹೋಗಿದೆ, ಅವಳು ಹತ್ತಿಲ್ಲ, ಅಲ್ಲೇ ಬಿಸಿಲಲ್ಲೇ, ಒಂದು ಕಡ್ಡಿ, ರೂಪ, ಒಂದು ಕಡ್ಡಿ